ಬದುವಿನ ಮೇಲಿನ ಹಳದಿ ಹೂವು: ಸ್ಟೈಲೋ ಮೇವು ಬೆಳೆಸಿದವರು ಯಾರಿದ್ದೀರಿ?

ಪಾವಗಡ ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ನಮ್ಮದು ಪಾವಗಡ ತಾಲ್ಲೂಕು, ನಾಲ್ಕು ಎಕರೆ ಖುಷ್ಕಿ. ಮಳೆ ಹೊತ್ತಿಗೆ ಬಂದರೆ ಕಡ್ಲೆಕಾಯಿ, ತಡವಾದರೆ ಹುರುಳಿ. ಎರಡು ಹಸು, ಇಪ್ಪತ್ತೆಂಟು ಕುರಿ ಇವೆ.

ಹೋದ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಕುರಿಗಳನ್ನು ಹೊಲದ ಮೇಲಿನ ಬದುವಿಗೆ ಬಿಟ್ಟಿದ್ದೆ. ಸುತ್ತ ಬರೀ ಒಣ ಹುಲ್ಲು, ಕಾಲಿಟ್ಟರೆ ಚರಚರ ಅನ್ನುತ್ತಿತ್ತು. ಕುರಿಗಳು ಆ ಹುಲ್ಲನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿ ಬುಡದಲ್ಲಿ ಏನನ್ನೋ ನೆಕ್ಕುತ್ತಿದ್ದವು. ಮಣ್ಣು ತಿನ್ನುತ್ತಿವೆಯೇನೋ ಅಂತ ಗಾಬರಿಯಾಗಿ ಹತ್ತಿರ ಹೋಗಿ ಕೂತೆ. ನೋಡಿದರೆ ಮೊಣಕಾಲೆತ್ತರದ ಒಂದು ಗಿಡ. ಕಡ್ಡಿಯೆಲ್ಲ ಒಣಗಿದ್ದರೂ ತುದಿಯಲ್ಲಿ ಇನ್ನೂ ಹಸಿರು ಇತ್ತು. ಮೆಂತ್ಯದ ಹಾಗೆ ಮೂರು ಮೂರು ಎಲೆ, ಆದರೆ ಸಣ್ಣದು, ಚೂಪು. ನೆಲದ ಮೇಲೆ ಉದುರಿದ ಎಲೆಗಳ ಜೊತೆ ಪುಟ್ಟ ಪುಟ್ಟ ಕಾಯಿ ಬಿದ್ದಿದ್ದವು. ಒಂದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡೆ. ತುದಿಯಲ್ಲಿ ಕೊಕ್ಕೆ! ಕುರಿಗಳು ನೆಕ್ಕುತ್ತಿದ್ದದ್ದು ಈ ಕಾಯಿ ಮತ್ತು ಎಲೆಯನ್ನೇ.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಎಷ್ಟೋ ವರ್ಷದ ಹಿಂದೆ ಜಲಾನಯನ ಕೆಲಸದಲ್ಲಿ ಬದು ಹಾಕಿಸಿದಾಗ ಅದರ ಮೇಲೆ ಬೀಜ ಎರಚಿದ್ದರಂತೆ. "ಸ್ಟೈಲೋ ಹಮಾಟ ಅಂತಿದ್ರು" ಅಂದರು. ಆಮೇಲೆ ಯಾರೂ ಆ ಕಡೆ ತಿರುಗಿ ನೋಡಿಲ್ಲ. ನೀರಿಲ್ಲ, ಗೊಬ್ಬರ ಇಲ್ಲ. ಗಿಡ ಮಾತ್ರ ಬದುಕಿದೆ, ಬದುವಿನ ಉದ್ದಕ್ಕೂ ಹರಡಿದೆ.

ಇದೇ ಆಸೆಗೆ ಹೋದ ಮುಂಗಾರಿನಲ್ಲಿ ಒಂದು ಅಂಗಡಿಯಿಂದ ಎರಡು ಕಿಲೋ ಬೀಜ ತಂದು ಅರ್ಧ ಎಕರೆಗೆ ಬಿತ್ತಿದೆ. ಕೂರಿಗೆಯಲ್ಲಿ, ಕಡ್ಲೆಕಾಯಿ ಬಿತ್ತಿದ ಹಾಗೇ. ಹುಟ್ಟಿದ್ದು ಅಲ್ಲೊಂದು ಇಲ್ಲೊಂದು. ಬದುವಿನ ಮೇಲೆ ತಾನೇ ಬರುವ ಗಿಡ ಹೊಲದಲ್ಲಿ ಯಾಕೆ ಬರಲಿಲ್ಲ? ಬೆಳೆಸಿ ಗೊತ್ತಿರುವವರು ದಯವಿಟ್ಟು ಹೇಳಿ. ಈ ಗಿಡದ ಬಗ್ಗೆ ಏನೇ ಗೊತ್ತಿದ್ದರೂ ಬರೆಯಿರಿ, ನನಗೆ ಬೇಕು.

ಸಸ್ಯ ಗೆಳತಿ

ನೀವು ಹೇಳಿದ ಗುರುತು ನೋಡಿದರೆ ಸ್ಟೈಲೋಸಾಂಥಸ್ ಹಮಾಟ ಇರಬೇಕು. ಹಮಾಟ ಅಂದರೆ ಲ್ಯಾಟಿನ್‌ನಲ್ಲಿ ಕೊಕ್ಕೆ ಇರುವುದು ಅಂತಲೇ ಅರ್ಥ. ಇನ್ನೊಂದು ಗುರುತು ನೋಡಿ: ಎಲೆಯ ತೊಟ್ಟಿನ ಬುಡ ಕಾಂಡವನ್ನು ಅಂಗಿಯ ತೋಳಿನ ಹಾಗೆ ಸುತ್ತಿಕೊಂಡಿರುತ್ತದೆ. ಅದರ ಎರಡು ತುದಿ ಸಣ್ಣ ಮುಳ್ಳಿನಂತೆ ಮೇಲೆ ಚಾಚಿರುತ್ತವೆ. ಹೂವು ಅಚ್ಚ ಹಳದಿ, ಕಡಲೆಬೇಳೆಗಿಂತ ದೊಡ್ಡದೇನಲ್ಲ.

ಸ್ಟೈಲೋಸಾಂಥಸ್ ಅನ್ನುವುದು ಒಂದು ಗಿಡದ ಹೆಸರಲ್ಲ, ಹಲವು ಜಾತಿಗಳಿರುವ ಒಂದು ಕುಲದ ಹೆಸರು. ಒಲಾಫ್ ಸ್ವಾರ್ಟ್ಜ್ ಎಂಬ ಸ್ವೀಡನ್ನಿನ ಸಸ್ಯವಿಜ್ಞಾನಿ 1788ರಲ್ಲಿ ಇಟ್ಟ ಹೆಸರು. ಗ್ರೀಕ್‌ನಲ್ಲಿ ಕಂಬ ಮತ್ತು ಹೂವು ಎಂಬ ಎರಡು ಪದ ಸೇರಿ ಆಗಿದೆ. ಹೂವನ್ನು ಬಿಡಿಸಿ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ದಳಗಳ ಕೆಳಗೆ ನೂಲಿನಂಥ ಉದ್ದನೆಯ ಕೊಳವೆ ಇರುತ್ತದೆ. ಹೂವು ಆ ಕಂಬದ ಮೇಲೆ ನಿಂತ ಹಾಗೆ ಕಾಣುತ್ತದೆ.

ಈಗ ನಿಮ್ಮ ಹೊಲದ ಕಡ್ಲೆಕಾಯಿ ಹೂವನ್ನು ಜ್ಞಾಪಿಸಿಕೊಳ್ಳಿ. ಅದಕ್ಕೂ ಇದೇ ತರಹದ ಉದ್ದ ಕೊಳವೆ ಇದೆ ಅಲ್ವಾ? ಸ್ಟೈಲೋ ಮತ್ತು ಕಡ್ಲೆಕಾಯಿ ತೀರಾ ಹತ್ತಿರದ ನೆಂಟರು. ಒಂದು ಕಾಯಿಯನ್ನು ಮಣ್ಣೊಳಗೆ ಇಳಿಸುತ್ತದೆ, ಇನ್ನೊಂದು ಮೇಲೆಯೇ ಬಿಟ್ಟು ಉದುರಿಸುತ್ತದೆ, ಅಷ್ಟೇ. ಎರಡರ ತವರೂ ಅಮೆರಿಕ ಖಂಡ. ಹಮಾಟ ಕೆರಿಬಿಯನ್ ದ್ವೀಪಗಳು ಮತ್ತು ಅದರ ಸುತ್ತಲಿನ ಕರಾವಳಿಯದು. ಸ್ಕಾಬ್ರ ಎಂಬ ಇನ್ನೊಂದು ಜಾತಿ ಬ್ರೆಜಿಲ್ ಕಡೆಯದು.

ಆದರೆ ನನಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. ಈ ಕುಲದ ಒಂದು ಜಾತಿ ನಮ್ಮ ನೆಲದ್ದೇ. ಸ್ಟೈಲೋಸಾಂಥಸ್ ಫ್ರುಟಿಕೋಸ. ಆಫ್ರಿಕಾ, ಶ್ರೀಲಂಕಾ ಮತ್ತು ದಕ್ಷಿಣ ಭಾರತದ ಒಣ ಬಯಲಿನಲ್ಲಿ ಕಾಡಾಗಿ ಬೆಳೆಯುತ್ತದೆ. ಮೈಮೇಲೆ ಕೂದಲು ಜಾಸ್ತಿ, ಬುಡ ಕಟ್ಟಿಗೆಯ ಹಾಗೆ ಗಟ್ಟಿ. ರೆಟ್ಜಿಯಸ್ ಎಂಬ ವಿಜ್ಞಾನಿ ಇದನ್ನು ಮೊದಲು ಕಡ್ಲೆಕಾಯಿ ಕುಲಕ್ಕೇ ಸೇರಿಸಿ ಅರಾಕಿಸ್ ಫ್ರುಟಿಕೋಸ ಅಂತ ಕರೆದಿದ್ದರು. ನೆಂಟಸ್ತಿಕೆ ಅವರ ಕಣ್ಣಿಗೂ ಬಿದ್ದಿತ್ತು ಅಂತ ಕಾಣುತ್ತದೆ.

ಕುರಿಮಂದೆ

ಆ ಕಾಡು ಜಾತಿ ನನಗೆ ಗೊತ್ತು ಅನ್ನಿಸುತ್ತಿದೆ. ನಮ್ಮದು ಚಳ್ಳಕೆರೆ ಕಡೆ. ಕಲ್ಲು ಬೋರೆಗಳ ಮೇಲೆ ಇರುತ್ತದೆ. ಹೆಸರು ಗೊತ್ತಿಲ್ಲ, ನಮ್ಮ ಮನೆಯಲ್ಲಿ ಸುಮ್ನೆ ಹಳದಿ ಸೊಪ್ಪು ಅನ್ನುತ್ತೇವೆ. ಕುರಿ ಅದರ ಮೇಲೆ ನಿಂತರೆ ಎಬ್ಬಿಸುವುದು ಕಷ್ಟ. ಕಿತ್ತು ತಿನ್ನಲು ಹೋದರೆ ಬುಡ ಬರುವುದಿಲ್ಲ, ಎಲೆ ಮಾತ್ರ ಬರುತ್ತದೆ. ಮತ್ತೆ ಮಳೆಗೆ ಅದೇ ಬುಡ ಚಿಗುರುತ್ತದೆ. ಅದಕ್ಕೇ ಉಳಿದಿದೆ ಅಂತ ಕಾಣುತ್ತೆ.

ಧಾರವಾಡ ಮೇವು

ನಾನು ಮೇವಿನ ಬೆಳೆಗಳ ಮೇಲೆ ಓದಿದವನು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಮುಖ್ಯ ಸಂಸ್ಥೆ ಝಾನ್ಸಿಯದು, 1962ರಲ್ಲಿ ಶುರುವಾದದ್ದು. ಮೇವಿನ ವಿಷಯಕ್ಕೆ ಧಾರವಾಡದ ಕೇಂದ್ರಕ್ಕೇ ಹೋಗಿ ಕೇಳಬಹುದು.

ಬೀಜ ಯಾಕೆ ಹುಟ್ಟಲಿಲ್ಲ ಅಂತ ಹೇಳುತ್ತೇನೆ. ಅಂಗಡಿಯವರು ಹಳೆ ಬೀಜ ಕೊಟ್ಟಿರಬಹುದು, ಅದು ಬೇರೆ ಮಾತು. ಆದರೆ ಹೊಸ ಬೀಜ ಇದ್ದರೂ ನೀವು ಬಿತ್ತಿದ ರೀತಿಯಲ್ಲಿ ಎರಡು ತಪ್ಪು ಆಗಿವೆ.

ಒಂದು, ಸ್ಟೈಲೋ ಬೀಜದ ಸಿಪ್ಪೆ ಕಲ್ಲಿನ ಹಾಗೆ. ನೀರು ಒಳಗೆ ಹೋಗುವುದೇ ಇಲ್ಲ. ಇದು ಗಿಡದ ಜಾಣತನ. ಏಪ್ರಿಲ್‌ನಲ್ಲಿ ಒಂದು ಸುಳ್ಳು ಮಳೆ ಬಂದರೆ ಎಲ್ಲ ಬೀಜ ಒಟ್ಟಿಗೆ ಮೊಳೆತು, ಆಮೇಲಿನ ಬಿಸಿಲಿಗೆ ಸತ್ತು ಹೋಗಬಾರದು ನೋಡಿ. ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ, ಇನ್ನು ಕೆಲವು ಅದರಾಚೆ. ಬದುವಿನ ಮೇಲೆ ಬೇಸಿಗೆಯ ಬಿಸಿ ತಾಗಿ ತಾಗಿ ಸಿಪ್ಪೆ ತಾನೇ ಸಡಿಲವಾಗುತ್ತದೆ. ಚೀಲದಲ್ಲಿ ಇಟ್ಟ ಬೀಜಕ್ಕೆ ಆ ಕೆಲಸವನ್ನು ನಾವು ಮಾಡಿಕೊಡಬೇಕು. 80 ಡಿಗ್ರಿ ಬಿಸಿ ನೀರಿನಲ್ಲಿ ನಾಲ್ಕೈದು ನಿಮಿಷ ಇಡಿ. ಬಸಿದು, ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಸಿ. ಬೆಳಿಗ್ಗೆ ನೆರಳಲ್ಲಿ ಆರಿಸಿ ಬಿತ್ತಿ. ಥರ್ಮಾಮೀಟರ್ ಇಲ್ಲದಿದ್ದರೆ ಮಳ ಮಳ ಕುದಿಯುವ ನೀರು ಮೂರು ಚೊಂಬು, ಮಾಮೂಲಿ ತಣ್ಣೀರು ಒಂದು ಚೊಂಬು ಬೆರೆಸಿ. ಹೆಚ್ಚು ಕಡಿಮೆ 80ಕ್ಕೆ ಬರುತ್ತದೆ. ಕುದಿಯುವ ನೀರಿಗೆ ನೇರ ಹಾಕಿ ಹಾಗೇ ಬಿಟ್ಟರೆ ಬೀಜ ಬೆಂದು ಹೋಗುತ್ತದೆ.

ಎರಡು, ಕೂರಿಗೆಯಲ್ಲಿ ಬಿತ್ತಿದ್ದು. ಕಡ್ಲೆಕಾಯಿ ಬೀಜ ದಪ್ಪ, ಅದಕ್ಕೆ ಆಳದಿಂದ ಎದ್ದು ಬರುವ ಶಕ್ತಿ ಇದೆ. ಇದರ ಬೀಜ ಒಂದು ಕಿಲೋಗೆ ಲಕ್ಷಗಟ್ಟಲೆ ಬರುತ್ತದೆ, ಅಷ್ಟು ಸಣ್ಣದು. ಆಳಕ್ಕೆ ಬಿದ್ದರೆ ಮೊಳೆತರೂ ಮೇಲೆ ಬರಲಾಗದೆ ಒಳಗೇ ಸಾಯುತ್ತದೆ. ನೆಲ ಹದ ಮಾಡಿ, ಮರಳಿನ ಜೊತೆ ಬೆರೆಸಿ ಎರಚಿ. ಮೇಲೆ ಒಂದು ಮುಳ್ಳು ಕೊಂಬೆ ಎಳೆದರೆ ಸಾಕು. ಎರಚುವುದಾದರೆ ಎಕರೆಗೆ ನಾಲ್ಕು ಕಿಲೋ ಬೇಕು. ಸಾಲಿನಲ್ಲಿ ಹಾಕಿದರೆ ಎರಡೂವರೆ ಕಿಲೋ ಸಾಕಾಗುತ್ತದೆ.

ಪಾವಗಡ ಕೆಂಪುಮಣ್ಣು

ಅಯ್ಯೋ, ನಾನು ಎರಡು ಇಂಚು ಆಳಕ್ಕೆ ಹಾಕಿದ್ದೆ. ಅಂಗಡಿಯವರನ್ನು ಮನಸಲ್ಲೇ ಎಷ್ಟು ಬೈದುಕೊಂಡಿದ್ದೆನೋ. ಬೀಜ ಇನ್ನೂ ಅರ್ಧ ಕಿಲೋ ಉಳಿದಿದೆ. ನಾಳೆಯೇ ಎರಡು ಕುಂಡದಲ್ಲಿ ಹಾಕಿ ನೋಡುತ್ತೇನೆ. ಒಂದಕ್ಕೆ ಬಿಸಿ ನೀರಿನ ಉಪಚಾರ, ಒಂದಕ್ಕೆ ಹಾಗೇ.

ಬೀಜಕ್ಕೆ ರೈಝೋಬಿಯಂ (ಬೇರುಗಂಟಿನ ಬ್ಯಾಕ್ಟೀರಿಯಾ) ಹಚ್ಚಬೇಕಾ? ಅದು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಸಸ್ಯ ಗೆಳತಿ

ಹಮಾಟ ಮತ್ತು ಸ್ಕಾಬ್ರ ಎರಡಕ್ಕೂ ಅಲಸಂದೆ, ಕಡ್ಲೆಕಾಯಿಗೆ ಬರುವ ಗುಂಪಿನ ಬ್ಯಾಕ್ಟೀರಿಯಾವೇ ಸಾಕು. ವರ್ಷಾನುಗಟ್ಟಲೆ ಕಡ್ಲೆಕಾಯಿ ಬೆಳೆದ ನಿಮ್ಮ ಮಣ್ಣಲ್ಲಿ ಅದು ಈಗಾಗಲೇ ಇರುತ್ತದೆ. ನೆಂಟರ ಮನೆಯಲ್ಲಿ ಊಟ ಸಿಕ್ಕೇ ಸಿಗುತ್ತದೆ! ಮಳೆಗಾಲದಲ್ಲಿ ಒಂದು ಗಿಡವನ್ನು ಮಣ್ಣು ಸಮೇತ ನಿಧಾನವಾಗಿ ಅಗೆದು, ಬೇರನ್ನು ನೀರಲ್ಲಿ ಅಲ್ಲಾಡಿಸಿ ತೊಳೆಯಿರಿ. ಪಕ್ಕದ ಬೇರು ಹೊರಡುವ ಜಾಗದಲ್ಲಿ ಸಣ್ಣ ಗುಂಡು ಗಂಟುಗಳು ಇರುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಕೆಲಸ ನಡೆಯುತ್ತಿದೆ ಅಂತ. ಬಿಳಿ ಅಥವಾ ಬೂದು ಬಣ್ಣ ಇದ್ದರೆ ಆ ಗಂಟು ಕೆಲಸ ಮಾಡುತ್ತಿಲ್ಲ.

ಹಾಸನ ಪಶುವೈದ್ಯ

ಮೊದಲ ಬರಹದಲ್ಲಿ ಕುರಿಗಳು ಒಣ ಹುಲ್ಲು ತಳ್ಳಿ ಸ್ಟೈಲೋ ನೆಕ್ಕಿದ್ದನ್ನು ಓದಿ ಬರೆಯದೆ ಇರಲಾಗಲಿಲ್ಲ. ಆ ಕುರಿಗಳು ಮಾಡಿದ್ದು ಸರಿಯಾಗೇ ಇದೆ.

ಬೇಸಿಗೆಯ ಒಣ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ ಮೂರೋ ನಾಲ್ಕೋ ಇರುತ್ತದೆ. ರಾಗಿ ಹುಲ್ಲೂ ಅದರ ಆಸುಪಾಸೇ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಇರುತ್ತವೆ, ನಾರನ್ನು ಕರಗಿಸುವುದು ಅವೇ. ಅವಕ್ಕೂ ತಿನ್ನಲು ಸಾರಜನಕ ಬೇಕು. ಮೇವಿನಲ್ಲಿ ಪ್ರೋಟೀನ್ ನೂರಕ್ಕೆ ಏಳಕ್ಕಿಂತ ಕಡಿಮೆಯಾದರೆ ಅವು ಸೊರಗುತ್ತವೆ. ಆಗ ಹುಲ್ಲು ಹೊಟ್ಟೆಯಲ್ಲೇ ಕೂತುಬಿಡುತ್ತದೆ, ಹಳೆಯದು ಹೋಗದೆ ಹೊಸದಕ್ಕೆ ಜಾಗ ಇಲ್ಲ. ಹಸು ಕಡಿಮೆ ತಿನ್ನುತ್ತದೆ. ಬಣವೆ ತುಂಬಾ ಹುಲ್ಲಿದ್ದರೂ ಮೇ ಹೊತ್ತಿಗೆ ಪಕ್ಕೆಲುಬು ಕಾಣುವುದು ಇದಕ್ಕೇ. ರೈತರು "ಮುಂದೆ ಮೇವು ಇದೆ, ತಿಂತಾ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ. ರೋಗ ಏನೂ ಇರುವುದಿಲ್ಲ.

ಸ್ಟೈಲೋದಲ್ಲಿ ಪ್ರೋಟೀನ್ ನೂರಕ್ಕೆ 12ರಿಂದ 18. ಒಣ ಹುಲ್ಲಿಗೆ ಇದನ್ನು ಬೆರೆಸಿದರೆ ಒಟ್ಟು ಲೆಕ್ಕ ಏಳರ ಹತ್ತಿರ ಬರುತ್ತದೆ. ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ಆಗ ಅದೇ ಒಣ ಹುಲ್ಲೇ ಮೈಗೆ ಹತ್ತುತ್ತದೆ. ಅಂದರೆ ಸ್ಟೈಲೋದ ಲಾಭ ಸ್ಟೈಲೋದಲ್ಲಿ ಮಾತ್ರ ಇಲ್ಲ, ಪಕ್ಕದ ಹುಲ್ಲಿನಲ್ಲೂ ಇದೆ. ಹೀಗಾಗಿ ಹೊಟ್ಟೆ ತುಂಬಾ ಇದನ್ನೇ ಕೊಡಬೇಕು ಅಂತ ಯಾರೂ ಹೋಗಬೇಡಿ. ಹುಲ್ಲಿನ ಜೊತೆ ಕಾಲು ಭಾಗ, ಜಾಸ್ತಿ ಅಂದರೆ ಮೂರನೇ ಒಂದು ಭಾಗ ಕೊಟ್ಟು ನೋಡಿ.

ಇನ್ನೊಂದು ಒಳ್ಳೆಯ ಗುಣ: ಕುದುರೆ ಮೆಂತ್ಯವನ್ನು ಹಸಿಯಾಗಿ ಜಾಸ್ತಿ ತಿಂದರೆ ಬರುವ ಹೊಟ್ಟೆ ಉಬ್ಬರ ಸ್ಟೈಲೋದಿಂದ ಬರುವುದಿಲ್ಲ. ಸುಬಾಬುಲ್ ಸೊಪ್ಪಿನಲ್ಲಿ ಇರುವ ಮಿಮೋಸಿನ್ ಎಂಬ ವಿಷ ಇದರಲ್ಲಿ ಇಲ್ಲ. ಆದರೂ ಹೊಸ ಮೇವು ಯಾವುದೇ ಇರಲಿ, ಒಂದು ವಾರ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ.

ಟೌನ್ಸ್‌ವಿಲ್ ಕನ್ನಡಿಗ

ನಾನು ಕೆಲಸಕ್ಕೆ ಬಂದು ಇರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ, ಟೌನ್ಸ್‌ವಿಲ್ ಎಂಬ ಊರಲ್ಲಿ. ಈ ಚರ್ಚೆ ನೋಡಿ ಮೈ ಜುಮ್ ಅಂದಿತು. ಯಾಕೆ ಅಂದರೆ ಈ ಊರಿನ ಹೆಸರೇ ಒಂದು ಸ್ಟೈಲೋಗೆ ಇದೆ.

ಸ್ಟೈಲೋಸಾಂಥಸ್ ಹುಮಿಲಿಸ್ ಅಂತ ಒಂದು ಗಿಡ್ಡ ಜಾತಿ. ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಯಾರೂ ತರದೆ, ಹೇಗೋ ಆಕಸ್ಮಿಕವಾಗಿ ಇಲ್ಲಿಗೆ ಬಂದುಬಿಟ್ಟಿತ್ತು. ದನಗಳು ತಿಂದು ಮೈ ಹಿಡಿದವು. ಜನ ಅದನ್ನು ಟೌನ್ಸ್‌ವಿಲ್ ಲೂಸರ್ನ್ (ಲೂಸರ್ನ್ ಅಂದರೆ ಕುದುರೆ ಮೆಂತ್ಯ) ಅಂದರು, ಆಮೇಲೆ ಟೌನ್ಸ್‌ವಿಲ್ ಸ್ಟೈಲೋ ಅಂತಾಯಿತು. ಬೇಸಿಗೆಯಲ್ಲಿ ದನಗಳು ನೆಲಕ್ಕೆ ಬಿದ್ದ ಕಾಯಿಯನ್ನು ನಿಮ್ಮ ಕುರಿಗಳ ಹಾಗೇ ನಾಲಿಗೆಯಿಂದ ನೆಕ್ಕುತ್ತಿದ್ದವಂತೆ. ಗಟ್ಟಿ ಬೀಜಗಳಲ್ಲಿ ಒಂದಿಷ್ಟು ಸಗಣಿಯಲ್ಲಿ ಹಾಗೇ ಹೊರಬಂದು ಹೊಸ ಜಾಗದಲ್ಲಿ ಮೊಳೆಯುತ್ತಿದ್ದವು. ಉತ್ತರ ಆಸ್ಟ್ರೇಲಿಯಾದ ಬಡ ಮಣ್ಣಿಗೆ ಇದೇ ದಾರಿ ಅಂತ ದೊಡ್ಡ ದೊಡ್ಡ ಬಯಲಿಗೆಲ್ಲ ಬಿತ್ತಿದರು.

1970ರ ದಶಕದಲ್ಲಿ ಚಿಬ್ಬು ರೋಗ ಬಂತು. ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ. ಎಲೆ, ಕಾಂಡದ ಮೇಲೆ ಬೂದು ಬಣ್ಣದ ಚುಕ್ಕೆ, ಸುತ್ತ ಕಪ್ಪು ಅಂಚು. ಎಲೆ ಉದುರುತ್ತದೆ, ರೆಂಬೆ ಒಣಗುತ್ತದೆ. ಕೆಲವೇ ವರ್ಷದಲ್ಲಿ ಟೌನ್ಸ್‌ವಿಲ್ ಸ್ಟೈಲೋ ಬಹುಪಾಲು ಮುಗಿದೇ ಹೋಯಿತು. ಎಲ್ಲಾ ಕಡೆ ಒಂದೇ ಜಾತಿ ಇದ್ದದ್ದು ರೋಗಕ್ಕೆ ಅನುಕೂಲವಾಯಿತು. ಆಮೇಲೆ ತಡೆದುಕೊಳ್ಳುವ ಶಕ್ತಿ ಇದ್ದ ಎರಡು ತಳಿಗಳನ್ನು ಹಿಡಿದರು: ಹಮಾಟ ಜಾತಿಯ ವೆರಾನೋ, ಸ್ಕಾಬ್ರ ಜಾತಿಯ ಸೀಕಾ. ಈಗಲೂ ಇಲ್ಲಿ ರಸ್ತೆ ಪಕ್ಕ ಹೋಗುವಾಗ ಸೀಕಾ ಕಾಣುತ್ತದೆ. ನಿಲ್ಲಿಸಿ ಮುಟ್ಟಿದರೆ ಎಲೆ ಅಂಟು ಅಂಟು.

ಕುರಿಮಂದೆ

ಅಂಟು ಇದ್ದರೆ ಕುರಿ ತಿನ್ನುತ್ತದಾ?

ಟೌನ್ಸ್‌ವಿಲ್ ಕನ್ನಡಿಗ

ತಿನ್ನುತ್ತವೆ, ಆದರೆ ಅವುಗಳದೇ ಸಮಯಕ್ಕೆ. ಮಳೆ ಬಿದ್ದ ಹೊಸದರಲ್ಲಿ ಎಳೆ ಹುಲ್ಲು ಇರುವಾಗ ದನ ಸ್ಟೈಲೋ ಕಡೆ ನೋಡುವುದೂ ಕಡಿಮೆ. ಹುಲ್ಲು ಬಲಿತು ತೆನೆಗೆ ಬಂದ ಮೇಲೆ ಇದಕ್ಕೆ ಬಾಯಿ ಹಾಕುತ್ತವೆ. ನೋಡಲು ಇದು ಒಳ್ಳೆಯದೇ ಅನ್ನಿಸುತ್ತದೆ, ಬೇಸಿಗೆಗೆ ಉಳಿಯುತ್ತದಲ್ಲ. ಆದರೆ ದನ ಜಾಸ್ತಿ ಬಿಟ್ಟ ಕಡೆ ಹುಲ್ಲು ಮಾತ್ರ ಸವೆದು ಸ್ಟೈಲೋ ಒಂದೇ ಉಳಿದುಬಿಡುತ್ತದೆ. ಹಾಗೆ ಎಷ್ಟೋ ವರ್ಷ ಬರೀ ಸ್ಟೈಲೋ ಇದ್ದ ಜಾಗದಲ್ಲಿ ಮಣ್ಣು ಹುಳಿಯಾಗುತ್ತಾ ಹೋಗಿದ್ದನ್ನು ಇಲ್ಲಿನ ವಿಜ್ಞಾನಿಗಳು ಕಂಡಿದ್ದಾರೆ. ಅದಕ್ಕೇ ಹುಲ್ಲಿಗೂ ವಿರಾಮ ಕೊಟ್ಟು ಮೇಯಿಸಬೇಕು ಅನ್ನುತ್ತಾರೆ.

ಅಂಟಿನ ಬಗ್ಗೆ ಒಂದು ವಿಷಯ ಓದಿದ್ದೆ. 1980ರ ದಶಕದ ಆರಂಭದಲ್ಲಿ ಇಲ್ಲಿನವರು ಸ್ಕಾಬ್ರ ಮತ್ತು ವಿಸ್ಕೋಸ ಎಂಬ ಜಾತಿಗಳ ಮೇಲೆ ದನಕ್ಕೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳುವಿನ ಮರಿಗಳನ್ನು ಬಿಟ್ಟು ನೋಡಿದರು. ದನ ಬರಲಿ ಅಂತ ಕಾಯಲು ಕಾಂಡ ಹತ್ತಿದ ಮರಿಗಳು ಆ ಅಂಟು ಕೂದಲಿಗೆ ಸಿಕ್ಕಿಕೊಂಡು ಅಲ್ಲೇ ಸತ್ತವು.

ಹಾಸನ ಪಶುವೈದ್ಯ

ಒಳ್ಳೆಯ ಮಾಹಿತಿ. ಆದರೆ ಇದನ್ನು ನಂಬಿ ಉಣ್ಣೆಗೆ ಹಾಕುವ ಔಷಧಿ ಬಿಡಬೇಡಿ ಅಂತ ಎಲ್ಲರಿಗೂ ಕೇಳಿಕೊಳ್ಳುತ್ತೇನೆ.

ಇನ್ನೊಂದು ಮಾತು ಬಿಟ್ಟುಹೋಗಿತ್ತು. ಸ್ಟೈಲೋ ರಂಜಕ ಕಡಿಮೆ ಇರುವ ಮಣ್ಣಲ್ಲೂ ಬದುಕುತ್ತದೆ, ಅದು ಅದರ ದೊಡ್ಡ ಶಕ್ತಿ. ಆದರೆ ಅಂಥ ಮಣ್ಣಲ್ಲಿ ಬೆಳೆದ ಸ್ಟೈಲೋದಲ್ಲಿ ರಂಜಕ ಎಲ್ಲಿಂದ ಬರಬೇಕು? ಗಿಡ ಹಸಿರಾಗೇ ಇರುತ್ತದೆ, ತಿಂದ ಹಸುವಿಗೆ ಮಾತ್ರ ಕೊರತೆ. ನಿಮ್ಮ ಹಸು ಮೂಳೆ, ಬಟ್ಟೆ, ಚಪ್ಪಲಿ ಅಗಿಯುತ್ತಿದ್ದರೆ ಅದನ್ನು ಚೇಷ್ಟೆ ಅಂದುಕೊಳ್ಳಬೇಡಿ. ದಿನಕ್ಕಿಷ್ಟು ಅಂತ ಖನಿಜ ಮಿಶ್ರಣ ಕೊಡಿ. ಸ್ಟೈಲೋ ಹೊಲಕ್ಕೂ ಬಿತ್ತುವಾಗ ಕೊಟ್ಟಿಗೆ ಗೊಬ್ಬರದ ಜೊತೆ ಒಂದಿಷ್ಟು ಸೂಪರ್ ಫಾಸ್ಫೇಟ್ ಹಾಕಿ. ಯೂರಿಯಾ ಬೇಡ, ಅದು ಕಳೆಗೇ ಜಾಸ್ತಿ ಲಾಭ.

ಕರಾವಳಿ ಗೇರು

ನಮ್ಮದು ಜಂಬಿಟ್ಟಿಗೆ ಮಣ್ಣು, ಹುಳಿ ಮಣ್ಣು, ಮಳೆ ವಿಪರೀತ. ಇಲ್ಲಿ ಹಮಾಟ ಅಷ್ಟು ಸರಿಹೋಗಲಿಲ್ಲ. ಗಯಾನೆನ್ಸಿಸ್ ಎಂಬ ಜಾತಿಯನ್ನು ಗೇರು ಗಿಡ ಚಿಕ್ಕದಿದ್ದಾಗ ಸಾಲಿನ ನಡುವೆ ಹಾಕಿದ್ದೆ. ಸೊಂಪಾಗಿ ಬಂತು. ಇಳಿಜಾರಿನ ಮಣ್ಣು ಕೊಚ್ಚಿ ಹೋಗುವುದು ನಿಂತಿತು. ಮರ ದೊಡ್ಡದಾಗಿ ನೆರಳು ಕೂಡಿದ ಮೇಲೆ ಸೊರಗಿತು. ನೆರಳು ಇದಕ್ಕೆ ಆಗುವುದಿಲ್ಲ.

ಧಾರವಾಡ ಮೇವು

ಸರಿಯಾಗಿ ಹೇಳಿದಿರಿ. ಯಾವ ನೆಲಕ್ಕೆ ಯಾವ ಜಾತಿ ಅನ್ನುವುದೇ ಮುಖ್ಯ. ಗಯಾನೆನ್ಸಿಸ್‌ಗೆ ಮಳೆ ಬೇಕು. ಕೊಲಂಬಿಯಾದ ಕಾಲಿ ನಗರದ ಹತ್ತಿರ ಸಿಯಾಟ್ ಎಂಬ ಅಂತಾರಾಷ್ಟ್ರೀಯ ಕೃಷಿ ಕೇಂದ್ರ ಇದೆ. ಅಲ್ಲಿಂದ 184 ಎಂಬ ಸಂಖ್ಯೆಯ ಗಯಾನೆನ್ಸಿಸ್ ತಳಿ 1980ರ ದಶಕದಲ್ಲಿ ಚೀನಾದ ಹೈನಾನ್ ದ್ವೀಪಕ್ಕೆ ಹೋಯಿತು. ಅಲ್ಲಿ ಎಲೆಯನ್ನು ಒಣಗಿಸಿ ಪುಡಿ ಮಾಡಿ ಹಂದಿ, ಕೋಳಿ ಆಹಾರಕ್ಕೂ ಬೆರೆಸುತ್ತಾರೆ. ಲಾವೋಸ್‌ನಲ್ಲಿ ಹಂದಿಗೆ ಸೊಪ್ಪು ತರಲು ಹೆಂಗಸರು ದಿನವೂ ಕಾಡು ಸುತ್ತುತ್ತಿದ್ದರು, ಮನೆಗೆ ಬಂದು ಅದನ್ನು ಬೇಯಿಸಬೇಕಿತ್ತು. ಇದೇ 184 ಅನ್ನು ಮನೆ ಹತ್ತಿರ ಹಾಕಿಕೊಂಡ ಮೇಲೆ ಆ ಅಲೆದಾಟ ತಪ್ಪಿತು, ಹಂದಿಗಳೂ ಬೇಗ ಬೆಳೆದವು. ಮೇವಿನ ಬಗ್ಗೆ ಮಾತಾಡುವಾಗ ಹೆಂಗಸರು ತಲೆ ಮೇಲೆ ಹೊತ್ತು ತರುವ ಹೊರೆಯ ಲೆಕ್ಕ ಯಾರೂ ಹಾಕುವುದಿಲ್ಲ. ನನಗೆ ಆ ಲೆಕ್ಕ ತುಂಬಾ ಮುಖ್ಯ ಅನ್ನಿಸುತ್ತದೆ.

ಪಾವಗಡದಂಥ ಕಡಿಮೆ ಮಳೆಯ ಕೆಂಪು ಮಣ್ಣಿಗೆ ಹಮಾಟ ಮತ್ತು ಸ್ಕಾಬ್ರ ಎರಡನ್ನೂ ಬೆರೆಸಿ ಹಾಕಿ. ಹಮಾಟ ಬೇಗ ಬರುತ್ತದೆ, ಎರಡು ಮೂರು ವರ್ಷ ಬಾಳುತ್ತದೆ, ಮುಂದೆ ಉದುರಿದ ಬೀಜದಿಂದಲೇ ನಡೆಯಬೇಕು. ಸ್ಕಾಬ್ರ ನಿಧಾನ, ಆದರೆ ಬೇರು ಆಳ, ಜಾಸ್ತಿ ವರ್ಷ ಇರುತ್ತದೆ. ಟೌನ್ಸ್‌ವಿಲ್ ಕನ್ನಡಿಗರು ಹೇಳಿದ ಚಿಬ್ಬು ರೋಗ ನಮ್ಮಲ್ಲೂ ಇದೆ. ಎರಡು ಜಾತಿ ಇದ್ದರೆ ಒಂದಾದರೂ ಉಳಿಯುತ್ತದೆ. ಜೊತೆಗೆ ಅಂಜನ ಹುಲ್ಲು ಹಾಕಿ, ಮೂರು ಸಾಲು ಹುಲ್ಲಿಗೆ ಒಂದು ಸಾಲು ಸ್ಟೈಲೋ.

ಮೊದಲ ವರ್ಷ ತಾಳ್ಮೆ ಬೇಕು. ಮೊದಲ ಒಂದೂವರೆ ತಿಂಗಳು ಗಿಡ ಕಣ್ಣಿಗೇ ಕಾಣುವುದಿಲ್ಲ. ಕಳೆ ಮೇಲೆದ್ದು ಮುಚ್ಚುತ್ತದೆ. "ಹೋಯ್ತು" ಅಂತ ಉತ್ತುಬಿಡುವವರೇ ಜಾಸ್ತಿ. ಕಳೆಯನ್ನು ಒಂದೆರಡು ಸಲ ತೆಗೆದುಕೊಡಿ. ಹೂ ಬರುವ ಹೊತ್ತಿಗೆ, ಸುಮಾರು 75 ದಿನಕ್ಕೆ, ಮೊದಲ ಕಟಾವು ಮಾಡಬಹುದು. ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಿರಿ. ಅರ್ಧ ಎಕರೆಯಲ್ಲಿ ಒಂದು ಪಟ್ಟಿಯನ್ನಾದರೂ ಕೊಯ್ಯದೆ ಬೀಜಕ್ಕೆ ಬಿಡಿ.

ಕುರಿಮಂದೆ

ಮೊದಲ ವರ್ಷ ಕುರಿ ಬಿಡಲೇಬೇಡಿ. ನನ್ನ ಅನುಭವದ ಮಾತು. ಎಳೆ ಗಿಡವನ್ನು ಕುರಿ ಬುಡಕ್ಕೇ ಕತ್ತರಿಸುತ್ತದೆ. ಕಾಯಿ ಉದುರಿದ ಮೇಲೆ ಬಿಟ್ಟರೆ ಕುರಿಯೇ ಬೀಜವನ್ನು ಗೊರಸಿನಿಂದ ಮಣ್ಣಿಗೆ ತುಳಿಯುತ್ತದೆ, ಹಿಕ್ಕೆಯೂ ಬೀಳುತ್ತದೆ.

ಬೀಜ ದುಡ್ಡು ಕೊಟ್ಟು ತರುವುದಕ್ಕಿಂತ ನಿಮ್ಮ ಬದುವಿನದನ್ನೇ ಗುಡಿಸಿಕೊಳ್ಳಿ. ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಇದನ್ನು ಬೀಜಕ್ಕಾಗಿಯೇ ಬೆಳೆಯುತ್ತಾರೆ. ಕಾಯಿ ಎಲ್ಲಾ ಒಟ್ಟಿಗೆ ಮಾಗುವುದಿಲ್ಲ, ಮಾಗಿದ್ದು ಉದುರುತ್ತಾ ಹೋಗುತ್ತದೆ. ಅದಕ್ಕೆ ಗಿಡ ಕೊಯ್ದು ತೆಗೆದ ಮೇಲೆ ನೆಲವನ್ನೇ ಪೊರಕೆಯಿಂದ ಗುಡಿಸುತ್ತಾರೆ. ಮಣ್ಣು ಸಮೇತ ರಾಶಿ ಮಾಡಿ ಜರಡಿ ಹಿಡಿದು, ಮೊರದಲ್ಲಿ ಕೇರುತ್ತಾರೆ. ಬೆನ್ನು ಮುರಿಯುವ ಕೆಲಸ. ಆದರೆ ಮನೆ ಮಟ್ಟಿಗೆ ಒಂದೆರಡು ಕಿಲೋ ಮಾಡಿಕೊಳ್ಳಬಹುದು.

ಬಯಲು ಹಕ್ಕಿ

ಎಲ್ಲರ ಮಾತೂ ಓದಿದೆ. ಒಂದು ಆತಂಕ ಹೇಳಬೇಕು. ದಯವಿಟ್ಟು ತಪ್ಪು ತಿಳಿಯಬೇಡಿ.

ನಾನು ಹುಲ್ಲುಗಾವಲಿನ ಹಕ್ಕಿಗಳನ್ನು ನೋಡಲು ಸುತ್ತುವವನು. ಗಟ್ಟಿ ಬೀಜ, ಸಗಣಿಯಲ್ಲಿ ಹರಡುತ್ತದೆ, ಬರಕ್ಕೆ ಜಗ್ಗುವುದಿಲ್ಲ, ಹುಲ್ಲನ್ನು ಹಿಂದಕ್ಕೆ ತಳ್ಳುತ್ತದೆ. ನೀವು ಹೇಳುತ್ತಿರುವ ಒಳ್ಳೆಯ ಗುಣಗಳೆಲ್ಲ ಒಂದು ಕಳೆಗೂ ಇರುವ ಗುಣಗಳೇ. ಬಳ್ಳಾರಿ ಜಾಲಿಯನ್ನೂ ಸೌದೆಗೆ, ನೆರಳಿಗೆ ಅಂತ ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರು. ಇವತ್ತು ಕೆರೆ ಅಂಗಳಗಳ ಗತಿ ನೋಡಿ.

ನಮ್ಮ ಕಾವಲು, ಗೋಮಾಳಗಳನ್ನು ಬಂಜರು ಅಂತ ಬರೆದುಕೊಂಡು ಏನಾದರೂ ನೆಡುವ, ಬಿತ್ತುವ ಚಟ ಹಳೆಯದು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಬಯಲಿಗೆ ನೀಲಗಿರಿ ನೆಟ್ಟರು. ಪಾವಗಡದವರಿಗೆ ಹತ್ತಿರವೇ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಅವು ಅಲ್ಲಿ ಉಳಿದಿರುವುದು ಅಲ್ಲಿನ ಹುಲ್ಲಿನಿಂದ. ಅಮೃತಮಹಲ್ ದನಗಳು ತಲೆಮಾರುಗಟ್ಟಲೆ ಮೇದದ್ದು ಕಾವಲಿನ ನಾಡ ಹುಲ್ಲನ್ನು. ಅಂಥ ಬಯಲಿಗೆ ಹೊರಗಿನ ಬೀಜ ಎರಚಬೇಡಿ ಅಂತ ನನ್ನ ಬೇಡಿಕೆ.

ಧಾರವಾಡ ಮೇವು

ಬಳ್ಳಾರಿ ಜಾಲಿಗೆ ಹೋಲಿಸುವುದನ್ನು ನಾನು ಒಪ್ಪುವುದಿಲ್ಲ. ಜಾಲಿಯ ಎಲೆಯನ್ನು ದನ ಮುಟ್ಟುವುದಿಲ್ಲ, ಮುಳ್ಳು ಬೇರೆ. ಸ್ಟೈಲೋವನ್ನು ಎಲ್ಲವೂ ತಿನ್ನುತ್ತವೆ. ಬೇಡ ಅನ್ನಿಸಿದರೆ ಉತ್ತು ಗಿಡ ತೆಗೆಯಬಹುದು, ಮಣ್ಣಲ್ಲಿ ಉಳಿದ ಗಟ್ಟಿ ಬೀಜ ಮಾತ್ರ ಆಮೇಲೂ ಮೊಳೆಯಬಹುದು. ಆದರೆ ಕಾವಲಿಗೆ ಎರಚಬಾರದು ಅನ್ನುವುದು ನಿಜ. ಟೌನ್ಸ್‌ವಿಲ್‌ನ ಕಥೆಯಲ್ಲೇ ಅದಕ್ಕೆ ಉತ್ತರ ಇದೆ, ಹುಲ್ಲು ಕಡಿಮೆಯಾಗಿದೆ ಅಂತ ಅವರೇ ಬರೆದಿದ್ದಾರೆ. ಬದು, ಹೊಲ, ತೋಟ ಇಷ್ಟಕ್ಕೆ ಇರಲಿ.

ಸಸ್ಯ ಗೆಳತಿ

ಬಯಲು ಹಕ್ಕಿಯವರ ಮಾತು ನನಗೆ ತಟ್ಟಿತು. ಕಾವಲಿಗೆ ಬೇಕಾದದ್ದು ಬಿತ್ತನೆಯಲ್ಲ, ವಿರಾಮ. ಮೇಯಿಸುವುದನ್ನು ಒಂದು ಮಳೆಗಾಲ ಸರದಿಯ ಮೇಲೆ ನಿಲ್ಲಿಸಿದರೆ ಅಲ್ಲಿನ ಫ್ರುಟಿಕೋಸ ತಾನೇ ಬೀಜ ಕಟ್ಟುತ್ತದೆ. ಅದರ ಜೊತೆ ಕಾಡು ಹೆಸರು, ಕಾಡು ಹುರುಳಿಯ ನೆಂಟರು ಎಷ್ಟೋ ಇರುತ್ತವೆ. ನಮ್ಮ ಜಾತಿಯ ಬಗ್ಗೆ ಎಷ್ಟು ಕಡಿಮೆ ಮಾತಾಡುತ್ತೇವೆ ನೋಡಿ. ಕುರಿಮಂದೆಯವರೇ, ನೀವು ಹೇಳಿದ ಬೋರೆಯ ಗಿಡದ ಫೋಟೋ ಹಾಕುತ್ತೀರಾ? ಹೂವು ಮತ್ತು ಕಾಯಿ ಎರಡೂ ಇರುವ ರೆಂಬೆ ಇದ್ದರೆ ಒಳ್ಳೆಯದು. ಕಿತ್ತು ತರಬೇಡಿ, ಅಲ್ಲೇ ತೆಗೆಯಿರಿ.

ಕುರಿಮಂದೆ

ಖಂಡಿತ. ಎರಡು ಮಳೆ ಆಗಲಿ, ಹೂ ಬರುವಾಗ ಹೋಗುತ್ತೇನೆ. ವಿರಾಮದ ಮಾತು ಸರಿ. ಆದರೆ ಒಂದು ಗೋಮಾಳ ಮುಚ್ಚಿದರೆ ಆ ನಾಲ್ಕು ತಿಂಗಳು ನನ್ನ ಕುರಿ ಎಲ್ಲಿ ಹೋಗಬೇಕು? ಅದಕ್ಕೆ ಬದುವಿನ ಮೇವು ಬೇಕೇ ಬೇಕು. ಎರಡೂ ಒಟ್ಟಿಗೆ ಆಗಬೇಕು.

ಬಯಲು ಹಕ್ಕಿ

ಇದನ್ನು ನಾನು ಯೋಚಿಸಿರಲಿಲ್ಲ. ಹೊಲದ ಬದುವಿನಲ್ಲಿ ಮೇವು ಹೆಚ್ಚಾದರೆ ಕಾವಲಿನ ಮೇಲಿನ ಭಾರ ಕಡಿಮೆಯಾಗುತ್ತದೆ. ಆ ಲೆಕ್ಕದಲ್ಲಿ ನನ್ನ ಒಪ್ಪಿಗೆ ಇದೆ.

ಪಾವಗಡ ಕೆಂಪುಮಣ್ಣು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಿಜ ಹೇಳಬೇಕು ಅಂದರೆ, ಊರ ಗೋಮಾಳಕ್ಕೂ ಒಂದಿಷ್ಟು ಬೀಜ ಎರಚೋಣ ಅಂತ ಮನಸ್ಸಲ್ಲಿತ್ತು. ಅದನ್ನು ಬಿಟ್ಟೆ. ಅರ್ಧ ಎಕರೆ ಮತ್ತು ಎಲ್ಲಾ ಬದು, ಅಷ್ಟೇ.

ಕುಂಡದ ವರದಿ: ಹಾಕಿ ಇವತ್ತಿಗೆ ಒಂಬತ್ತು ದಿನ. ಬಿಸಿ ನೀರಿನ ಕುಂಡದಲ್ಲಿ ಅರ್ಧಕ್ಕಿಂತ ಜಾಸ್ತಿ ಎದ್ದಿವೆ. ಹಾಗೇ ಹಾಕಿದ ಕುಂಡದಲ್ಲಿ ನಾಲ್ಕೇ ನಾಲ್ಕು. ಬೀಜ ಚೆನ್ನಾಗೇ ಇತ್ತು. ಅಪ್ಪನನ್ನು ಕರೆದು ತೋರಿಸಿದೆ. ಅವರು ಕುಂಡದ ಮುಂದೆ ಕೂತು ಬೆರಳ ತುದಿಯಿಂದ ಒಂದು ಮೊಳಕೆ ಮುಟ್ಟಿ, "ಕಡ್ಲೆಕಾಯಿ ಮೊಳಕೆ ಅಷ್ಟು ದಪ್ಪ, ಅದರ ನೆಂಟ ಇಷ್ಟು ಸಣ್ಣವನಾ" ಅಂದರು.

ಬದುವಿನಲ್ಲಿ ನಿನ್ನೆ ಸಂಜೆ ಗುಡಿಸಿದೆ. ಮಣ್ಣು, ಕಡ್ಡಿ, ಹಿಕ್ಕೆ ಎಲ್ಲಾ ಸೇರಿ ಎರಡು ಮೊರ ಆಯಿತು. ಅಮ್ಮ ಕೇರುತ್ತಿದ್ದಾರೆ. ಕೊಕ್ಕೆ ಇರುವ ಕಾಯಿ ಒಂದಕ್ಕೊಂದು ಸಿಕ್ಕಿಕೊಂಡು ಮೊರದಿಂದ ಜಾರುವುದೇ ಇಲ್ಲ. ಇದಕ್ಕೆ ಸುಲಭದ ಉಪಾಯ ಏನಾದರೂ ಇದೆಯಾ?

ಕುರಿಮಂದೆ

ಚೆನ್ನಾಗಿ ಒಣಗಿಸಿ, ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಬಂಡೆ ಮೇಲೆ ಇಟ್ಟು ಕೋಲಿನಿಂದ ಬಡಿಯಿರಿ. ಕೊಕ್ಕೆ ಮುರಿಯುತ್ತದೆ. ಆಮೇಲೆ ಕೇರಿದರೆ ಸಲೀಸಾಗಿ ಜಾರುತ್ತದೆ.